ವೈದ್ಯರ ನೋಂದಣಿ: ರೋಗಿ ಅರಿಯಬೇಕಾದ ಸಂಗತಿ

ಕಾಯಿಲೆ ಬಂದಾಗ ನಾವು ವೈದ್ಯರ ಕೈಗೆ ಜೀವವನ್ನೇ ಒಪ್ಪಿಸುತ್ತೇವೆ. ಆದರೆ ಆ ಕೈಗೆ ಚಿಕಿತ್ಸೆ ನೀಡುವ ಅಧಿಕಾರ ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ.

ಎಂ.ಬಿ.ಬಿ.ಎಸ್. ಓದಿದ ಮಾತ್ರಕ್ಕೆ ಆ ಅಧಿಕಾರ ಲಭಿಸದು. ನಾಲ್ಕೂವರೆ ವರ್ಷಗಳ ವ್ಯಾಸಂಗ ಪೂರೈಸಿ ಉತ್ತೀರ್ಣರಾದವರಿಗೆ ಮೊದಲು ತಾತ್ಕಾಲಿಕ ನೋಂದಣಿ ದೊರೆಯುತ್ತದೆ. ಅನಂತರ ಒಂದು ವರ್ಷ ಆಸ್ಪತ್ರೆಯ ವಿವಿಧ ವಿಭಾಗಗಳಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಕಡ್ಡಾಯ ತರಬೇತಿ ಪಡೆಯಬೇಕು. ಪದವಿ ಹಾಗೂ ತರಬೇತಿಯ ಪ್ರಮಾಣಪತ್ರಗಳನ್ನು ಪರಿಶೀಲಿಸಿದ ಬಳಿಕವೇ ರಾಜ್ಯ ವೈದ್ಯಕೀಯ ಪರಿಷತ್ತು ಕಾಯಂ ನೋಂದಣಿ ನೀಡುತ್ತದೆ. ನಮ್ಮಲ್ಲಿ 1961ರ ಕಾಯಿದೆಯನ್ವಯ ಕರ್ನಾಟಕ ವೈದ್ಯಕೀಯ ಪರಿಷತ್ತು ಈ ಹೊಣೆಯನ್ನು ನಿರ್ವಹಿಸುತ್ತಿದೆ. ವಿದೇಶದಲ್ಲಿ ಓದಿ ಬಂದವರು ಸಾಮಾನ್ಯವಾಗಿ ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಬೇಕು. ಆಯುರ್ವೇದ, ಯುನಾನಿ, ಹೋಮಿಯೋಪತಿ ವೈದ್ಯರ ನೋಂದಣಿಗೆ ಬೇರೆ ಮಂಡಳಿಗಳಿವೆ.

ನೋಂದಣಿಯಿಲ್ಲದೆ ಅಲೋಪತಿ ವೈದ್ಯವೃತ್ತಿ ನಡೆಸುವವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೂ ನಕಲಿ ವೈದ್ಯರ ಹಾವಳಿ ನಿಂತಿಲ್ಲ. ಅವರು ಕೊಡುವ ಅನಗತ್ಯ ಚುಚ್ಚುಮದ್ದು ಒಂದು ದಿನ ಜ್ವರವನ್ನು ಇಳಿಸೀತು. ಒಳಗಿನ ರೋಗವನ್ನು ಮರೆಮಾಡಿ ಪ್ರಾಣಕ್ಕೆ ಸಂಚಕಾರವನ್ನೂ ತಂದೀತು.

ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧಚೀಟಿ ಹಾಗೂ ರಸೀದಿಗಳ ಮೇಲೆಯೂ ನಮೂದಿಸಬೇಕೆಂಬುದು ನಿಯಮ. ಅದು ಕಾಣದಿದ್ದಲ್ಲಿ ವಿನಯದಿಂದ ಕೇಳಿ ತಿಳಿಯಬೇಕು. ಸಂದೇಹ ಉಳಿದರೆ ಪರಿಷತ್ತಿನಲ್ಲಿ ವಿಚಾರಿಸಬಹುದು. ಹಾಗೆ ಕೇಳುವುದು ವೈದ್ಯರಿಗೆ ಅಗೌರವವಲ್ಲ. ವರ್ಷಗಟ್ಟಲೆ ಶ್ರಮಿಸಿ ಅರ್ಹತೆ ಗಳಿಸಿದವರು ಅದನ್ನು ತೋರಿಸಲು ಎಂದೂ ಹಿಂಜರಿಯುವುದಿಲ್ಲ.