ಹಳೆ ಸಾಮಾನು ಮಾರಿದ ಮೇಲೆ ತಕರಾರು ಬಂದರೆ



ಪ್ರತಿ ವರ್ಷ ಜನವರಿಯಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಬರುತ್ತದೆ. ನಾವು ಅದಕ್ಕೆ ಗಡ್ಡಾ ಜಾತ್ರೆ ಅನ್ನುತ್ತೇವೆ. ಜಾತ್ರೆಯ ಜೊತೆಗೆ ದನದ ಬಜಾರವೂ ಕೂಡುತ್ತದೆ. ಅಲ್ಲಿ ಎತ್ತು ಕೊಳ್ಳುವವನು ಏನು ಮಾಡುತ್ತಾನೆ? ಬಾಯಿ ತೆರೆದು ಹಲ್ಲು ನೋಡುತ್ತಾನೆ. ಬೆನ್ನ ಮೇಲೆ ಕೈ ಆಡಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ರೊಕ್ಕ ಎಣಿಸುತ್ತಾನೆ. ಮಾರುವವ, ಕೊಳ್ಳುವವ, ಎತ್ತು, ಎಲ್ಲರೂ ಒಂದೇ ಕಡೆ ನಿಂತಿರುತ್ತಾರೆ. ಸುತ್ತ ನಾಲ್ಕು ಮಂದಿ ಸಾಕ್ಷಿ ಇರುತ್ತಾರೆ.

ಈಗ ಮೊಬೈಲಿನಲ್ಲಿ ವ್ಯಾಪಾರ ಬಂದಿದೆ. ಹಳೆ ಮಿಕ್ಸರ್, ಸೈಕಲ್, ಹೊಲಿಗೆ ಮಷಿನ್, ಮೊಬೈಲ್ ಎಲ್ಲವನ್ನೂ ಫೋಟೊ ಹಾಕಿ ಮಾರುತ್ತೇವೆ. ಮಾರುವವರು ಅಕ್ಕಲಕೋಟೆಯಲ್ಲಿ ಇರುತ್ತಾರೆ. ಕೊಳ್ಳುವವರು ಪುಣೆಯಲ್ಲಿ ಇರುತ್ತಾರೆ. ಸಾಮಾನು ಟೆಂಪೊದಲ್ಲಿ ಇರುತ್ತದೆ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಇದರಿಂದ ಅನುಕೂಲ ಇದೆ, ಸುಳ್ಳಲ್ಲ. ಆದರೆ ನಾಳೆ ಕೊಂಡವರು ಫೋನ್ ಮಾಡಿ "ಸಾಮಾನು ಕೆಟ್ಟೈತಿ, ರೊಕ್ಕ ವಾಪಸ್ ಕೊಡ್ರಿ" ಅಂದರೆ ಏನು ಮಾಡುವುದು? ಅದು ಖರೆ ತಕರಾರೋ, ಮೋಸವೋ, ತಿಳಿಯುವುದು ಹೇಗೆ? ಈ ಪಾಠದಲ್ಲಿ ಅದನ್ನು ನೋಡೋಣ.

ಒಬ್ಬ ಅಕ್ಕನ ಹೊಲಿಗೆ ಮಷಿನ್

ಅಕ್ಕಲಕೋಟೆಯ ನಮ್ಮ ರಾತ್ರಿ ವರ್ಗಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಹೆಸರು ಇಲ್ಲಿ ಬೇಡ. ಹೊಲಿಗೆ ಅವರ ಕಸುಬು. ಹೊಸ ಮಷಿನ್ ತಂದ ಮೇಲೆ ಹಳೆ ಕಾಲಿನ ಮಷಿನ್ ಮೂಲೆಯಲ್ಲಿ ನಿಂತಿತ್ತು. ಮಗಳು ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದಳು. 4,500 ರೂಪಾಯಿಗೆ ಪುಣೆಯ ಒಬ್ಬ ಒಪ್ಪಿದ. ಮೊದಲೇ ರೊಕ್ಕ ಖಾತೆಗೆ ಹಾಕಿದ. ಅಕ್ಕ ಮಷಿನ್ ಕಟ್ಟಿಸಿ ಟ್ರಾನ್ಸ್‌ಪೋರ್ಟಿನಲ್ಲಿ ಕಳಿಸಿದರು. ಆ ರೊಕ್ಕವನ್ನು ಮಗಳ ಕಾಲೇಜಿನ ಫೀ ಕಟ್ಟಿದರು.

ನಾಲ್ಕನೆಯ ದಿನ ಅವನ ಫೋನ್ ಬಂತು. ಅವನು ಮಾತಾಡಿದ್ದು ಹಿಂದಿಯಲ್ಲಿ. ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ:

"ನೀವು ಕಳಿಸಿದ ಮಷಿನ್ ಮುರದೈತಿ. ಈಗಿಂದೀಗ ರೊಕ್ಕ ವಾಪಸ್ ಹಾಕ್ರಿ."

"ಹಂಗಾದ್ರ ಮಷಿನ್ ವಾಪಸ್ ಕಳಸ್ರಿ."

"ಕಳಸಾಕ ಖರ್ಚು ಭಾಳ ಆಗತೈತಿ. ಮೊದಲ ರೊಕ್ಕ ಹಾಕ್ರಿ. ಮಷಿನ್ ಮಾತು ಆಮೇಲೆ."

ಸ್ವಲ್ಪ ಹೊತ್ತಿಗೆ ಒಂದು ಫೋಟೊ ಬಂತು. ಅದರಲ್ಲಿ ಚಕ್ರ ಒಡೆದ ಮಷಿನ್ ಇತ್ತು. ಒಂದು ತಾಸಿನ ಮೇಲೆ ಬೇರೆ ನಂಬರಿನಿಂದ ಫೋನ್ ಬಂತು. "ನಾನು ಪೊಲೀಸ್ ಠಾಣೆಯಿಂದ ಮಾತಾಡತೇನಿ. ನಿಮ್ಮ ಮ್ಯಾಲ ಕೇಸ್ ಆಗೈತಿ. ಮೂರು ಸಾವಿರ ಹಾಕಿದ್ರ ಇಲ್ಲೇ ಮುಗಸ್ತೇನಿ" ಅಂತ ಆ ಮನುಷ್ಯ ಹೇಳಿದ. ಹಿಂದೆಯೇ ಒಂದು ಕ್ಯೂಆರ್ ಕೋಡ್ ಬಂತು.

ಅಕ್ಕ ಆ ರಾತ್ರಿ ಮೊಬೈಲ್ ಹಿಡಿದುಕೊಂಡು ವರ್ಗಕ್ಕೆ ಬಂದರು. ಕೈ ನಡುಗುತ್ತಿತ್ತು. "ಸರ, ಕೊಟ್ಟ ಬಿಡ್ಲೇನ್ರಿ? ಪೊಲೀಸರು ಮನಿಗಿ ಬಂದ್ರ ಓಣ್ಯಾಗ ಮಾನ ಹೋಗತೈತಿ" ಅಂದರು.

ನಾನು ಅವರ ನೋಟ್‌ಬುಕ್ ತೆಗೆಸಿದೆ. ಅಂಕಿ ಕಲಿಯುವಾಗ ನಾವು ಒಂದು ಅಭ್ಯಾಸ ಕೊಟ್ಟಿದ್ದೆವು. ಮನೆಯಲ್ಲಿರುವ ನಂಬರುಗಳನ್ನು ನೋಡಿ ಬರೆದುಕೊಂಡು ಬನ್ನಿ ಅಂದಿದ್ದೆವು. ಲೈಟ್ ಬಿಲ್ಲಿನ ನಂಬರು, ಗ್ಯಾಸ್ ಪುಸ್ತಕದ ನಂಬರು. ಅಕ್ಕ ಹೊಲಿಗೆ ಮಷಿನ್ ಮೇಲೆ ಕೊರೆದ ನಂಬರನ್ನೂ ಬರೆದಿದ್ದರು. ಅಕ್ಷರ ಸ್ವಲ್ಪ ಡೊಂಕು. ಅಂಕಿ ಮಾತ್ರ ಎಲ್ಲ ಸರಿ.

ಅವನಿಗೆ ಒಂದೇ ಮಾತು ಬರೆದು ಕಳಿಸಿದೆವು: "ಮಷಿನ್ ಮೇಲಿನ ನಂಬರು ಕಾಣುವ ಹಾಗೆ ಫೋಟೊ ಕಳಿಸಿ. ನಂಬರು ನಮ್ಮದೇ ಇದ್ದರೆ, ಮಷಿನ್ ವಾಪಸ್ ಬಂದ ಮೇಲೆ, ನೀವು ಯಾವ ಖಾತೆಯಿಂದ ರೊಕ್ಕ ಹಾಕಿದ್ದೀರೋ ಅದೇ ಖಾತೆಗೆ ವಾಪಸ್ ಹಾಕುತ್ತೇವೆ."

ಅವನು ಬೈದ. ಆಮೇಲೆ "ಅರ್ಧ ಕೊಡ್ರಿ ಸಾಕು" ಅಂದ. ನಂಬರಿನ ಫೋಟೊ ಮಾತ್ರ ಕಳಿಸಲಿಲ್ಲ. ಎರಡು ದಿನಕ್ಕೆ ಫೋನ್ ನಿಂತಿತು. ಯಾವ ಪೊಲೀಸರೂ ಮನೆಗೆ ಬರಲಿಲ್ಲ. ಮಗಳ ಫೀ ರೊಕ್ಕ ಉಳಿಯಿತು.

ಎಲ್ಲ ತಕರಾರೂ ಸುಳ್ಳಲ್ಲ

ಇದನ್ನು ಓದಿ "ತಕರಾರು ಮಾಡುವವರೆಲ್ಲ ಕಳ್ಳರು" ಅಂತ ತಿಳಿಯಬೇಡಿ. ನಾನು ಅದೇ ತಪ್ಪು ಮಾಡಿದ್ದೇನೆ. ಒಮ್ಮೆ ನನ್ನ ಹಳೆ ಮೊಬೈಲನ್ನು ಸೊಲ್ಲಾಪುರದ ಒಬ್ಬ ಹುಡುಗನಿಗೆ ಮಾರಿದೆ. ಮೂರನೆಯ ದಿನ "ಬ್ಯಾಟರಿ ನಿಲ್ಲೂದಿಲ್ರಿ" ಅಂತ ಅವನ ಫೋನ್ ಬಂತು. ನಾನು ಸಿಟ್ಟಿನಿಂದ ಎರಡು ಮಾತು ಹೆಚ್ಚು ಆಡಿದೆ. ಅವನು "ಸರ, ನೀವ ಬಂದು ನೋಡ್ರಿ" ಅಂದ. ಸೊಲ್ಲಾಪುರದ ಎಸ್‌ಟಿ ಸ್ಟ್ಯಾಂಡಿನಲ್ಲಿ ಭೆಟ್ಟಿಯಾದೆವು. ಮೊಬೈಲ್ ನನ್ನದೇ, ನಂಬರು ಕೂಡಿತು. ನಾವು ಚಹಾ ಕುಡಿದು ಮುಗಿಸುವುದರೊಳಗೆ ಬ್ಯಾಟರಿ ಬಹಳ ಇಳಿಯಿತು. ಬ್ಯಾಟರಿ ಸೋತಿದೆ ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ಮಾರುವಾಗ ಹೇಳಿರಲಿಲ್ಲ. ಹೊಸ ಬ್ಯಾಟರಿಯ ಖರ್ಚು 600 ರೂಪಾಯಿ ಕೊಟ್ಟು, "ತಪ್ಪಾತಪಾ" ಅಂತ ಹೇಳಿ ಬಂದೆ.

ಅಕ್ಕನ ಗಿರಾಕಿಗೂ ಈ ಹುಡುಗನಿಗೂ ಏನು ಫರಕು? ಹುಡುಗ "ಬಂದು ನೋಡ್ರಿ" ಅಂದ. ಅವನು "ನೋಡೂದು ಬ್ಯಾಡ, ರೊಕ್ಕ ಹಾಕ್ರಿ" ಅಂದ. ಖರೆ ತಕರಾರು ಇದ್ದವರು ಸಾಮಾನು ತೋರಿಸಲು ಹಿಂಜರಿಯುವುದಿಲ್ಲ. ಮೋಸ ಮಾಡುವವರು ಅವಸರ ಮಾಡುತ್ತಾರೆ, ಹೆದರಿಸುತ್ತಾರೆ, ಸಾಮಾನು ತೋರಿಸುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1930ರ ಸರಕು ಮಾರಾಟ ಕಾಯ್ದೆ ಇದೆ. ಏನು ಹೇಳಿ ಮಾರಿದಿರೋ ಅದೇ ವಸ್ತುವನ್ನು ಕೊಡಬೇಕು. ಇದು ಅದರ ಒಂದು ಮುಖ್ಯ ಮಾತು. "ನಡೆಯುವ ಮಷಿನ್" ಅಂತ ಹೇಳಿ ಕೆಟ್ಟದ್ದನ್ನು ಕಳಿಸಿದರೆ ತಪ್ಪು ನಮ್ಮದು. ಗೊತ್ತಿದ್ದೂ ದೋಷವನ್ನು ಮುಚ್ಚಿಟ್ಟರೆ ಅದು ಮೋಸ ಆಗಬಹುದು. ಆದರೆ ಹಳೆ ವಸ್ತು ಹೊಸದರ ಹಾಗೆ ಇರಬೇಕು ಅಂತ ಕಾಯ್ದೆ ಹೇಳುವುದಿಲ್ಲ. ನೋಡಿ, ಪರೀಕ್ಷೆ ಮಾಡಿ ಕೊಳ್ಳುವ ಜವಾಬ್ದಾರಿ ಕೊಳ್ಳುವವರಿಗೂ ಇದೆ.

ಸುಳ್ಳು ಹೇಳಿ ರೊಕ್ಕ ಕೀಳುವುದು ವಂಚನೆ. ಮೊದಲು ಇದಕ್ಕೆ 420ನೆಯ ಕಲಂ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ವಂಚನೆಗೆ 318ನೆಯ ಕಲಂ ಇದೆ.

ಫೋನಿನಲ್ಲಿ ಬರುವ ಪೊಲೀಸ್

ಪೊಲೀಸರು ಕೇಸ್ ಮುಗಿಸಲು ಫೋನಿನಲ್ಲಿ ರೊಕ್ಕ ಕೇಳುವುದಿಲ್ಲ. ಕ್ಯೂಆರ್ ಕೋಡ್ ಕಳಿಸುವುದಿಲ್ಲ. ಫೋನಿನಲ್ಲಿ ಅರೆಸ್ಟ್ ಮಾಡುವುದಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನ ಮಂತ್ರಿಗಳು "ಮನ್ ಕೀ ಬಾತ್" ರೇಡಿಯೊ ಕಾರ್ಯಕ್ರಮದಲ್ಲಿ ಈ "ಡಿಜಿಟಲ್ ಅರೆಸ್ಟ್" ಮೋಸದ ಬಗ್ಗೆ ಮಾತಾಡಿದರು. ಇಂಥ ವ್ಯವಸ್ಥೆ ಕಾಯ್ದೆಯಲ್ಲಿ ಇಲ್ಲವೇ ಇಲ್ಲ ಅಂದರು. ಅಂಥ ಫೋನ್ ಬಂದರೆ ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಮೂರು ಹೆಜ್ಜೆ ಹೇಳಿದರು. ನಮಗೂ ಈ ಮೂರು ಹೆಜ್ಜೆ ಸಾಕು.

ತಕರಾರು ಬಂದಾಗ ಏನು ಮಾಡಬೇಕು?

1. ಅವಸರ ಬೇಡ. "ನೋಡಿ ಹೇಳತೇನಿ" ಅಂತ ಹೇಳಿ ಫೋನ್ ಇಡಿ. ಮನೆಯವರ ಜೊತೆ ಮಾತಾಡಿ. ಗಿರಾಕಿಯ ಜೊತೆ ಸಿಟ್ಟಿನಿಂದ ಮಾತಾಡಬೇಡಿ.

2. ಬರವಣಿಗೆಯಲ್ಲಿ ಕೇಳಿ. ಏನು ಕೆಟ್ಟಿದೆ, ಯಾವಾಗ ಕೆಟ್ಟಿತು, ಅದನ್ನು ಬರೆದು ಕಳಿಸಲು ಹೇಳಿ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಉಳಿಯುತ್ತದೆ. ಬಂದ ಸಂದೇಶ, ಫೋಟೊ ಯಾವುದನ್ನೂ ಅಳಿಸಬೇಡಿ.

3. ನಂಬರು ನೋಡಿ. ಫೋಟೊದಲ್ಲಿ ಇರುವುದು ನಿಮ್ಮ ವಸ್ತುವೇ? ಮೊಬೈಲ್ ಮಾರುವ ಮೊದಲು ಅದರಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ನಂಬರು ಕಾಣುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ವಾಪಸ್ ಕಳಿಸಿದರೆ ನಂಬರೇ ಸಾಕ್ಷಿ ಹೇಳುತ್ತದೆ.

4. ಮೊದಲು ವಸ್ತು, ಆಮೇಲೆ ರೊಕ್ಕ. ವಸ್ತು ಕೈಗೆ ಬರಲಿ. ನೋಡಿ. ತಪ್ಪು ನಮ್ಮದಿದ್ದರೆ ರೊಕ್ಕ ಕೊಡೋಣ. ಊರು ಹತ್ತಿರ ಇದ್ದರೆ ಜನ ಇರುವ ಜಾಗದಲ್ಲಿ ಭೆಟ್ಟಿಯಾಗಿ. ಒಬ್ಬರೇ ಹೋಗಬೇಡಿ.

5. ರೊಕ್ಕ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಹಾಕಿ. "ಬೇರೆ ನಂಬರಿಗೆ ಹಾಕ್ರಿ", "ಈ ಕೋಡ್ ಸ್ಕ್ಯಾನ್ ಮಾಡ್ರಿ" ಅಂದರೆ ಒಪ್ಪಬೇಡಿ.

6. "ತಪ್ಪಿ ಹತ್ತು ಸಾವಿರ ಹೆಚ್ಚು ಹಾಕೇನಿ, ವಾಪಸ್ ಕೊಡ್ರಿ" ಅನ್ನುವವರೂ ಇದ್ದಾರೆ. ರೊಕ್ಕ ಜಮಾ ಆಯಿತು ಅನ್ನುವ ಸುಳ್ಳು ಮೆಸೇಜನ್ನೂ ಕಳಿಸುತ್ತಾರೆ. ಮೆಸೇಜ್ ನಂಬಬೇಡಿ. ಖಾತೆಯ ಶಿಲ್ಕು ನೋಡಿ. ಜಮಾ ಆಗಿಲ್ಲದ ರೊಕ್ಕವನ್ನು ವಾಪಸ್ ಕೊಡುವುದು ಎಲ್ಲಿಂದ?

ಪಿನ್ ಬಗ್ಗೆ ಒಂದು ಮಾತು

ಯುಪಿಐ 2016ರಲ್ಲಿ ಶುರುವಾಯಿತು. ಈಗ ಕಾಯಿಪಲ್ಯೆ ಮಾರುವವರ ಹತ್ತಿರವೂ ಕ್ಯೂಆರ್ ಕೋಡ್ ಇದೆ. ನಾವು ಕಾಯಿಪಲ್ಯೆ ಕೊಂಡಾಗ ಕೋಡ್ ಸ್ಕ್ಯಾನ್ ಮಾಡುತ್ತೇವೆ, ಪಿನ್ ಒತ್ತುತ್ತೇವೆ. ರೊಕ್ಕ ಯಾರದು ಹೋಗುತ್ತದೆ? ನಮ್ಮದು. ಹಾಗಾದರೆ "ಸ್ಕ್ಯಾನ್ ಮಾಡಿ ಪಿನ್ ಒತ್ರಿ, ನಿಮಗ ರೊಕ್ಕ ಬರತೈತಿ" ಅಂದರೆ ಅದು ಸುಳ್ಳು. ರೊಕ್ಕ ಬರಲು ಪಿನ್ ಬೇಕಿಲ್ಲ.

ಮೊದಲು ಕೆಲವರು ಯುಪಿಐನಲ್ಲಿ ರೊಕ್ಕ ಕೇಳುವ ವಿನಂತಿ ಕಳಿಸಿ ಮೋಸ ಮಾಡುತ್ತಿದ್ದರು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಇಂಥ ವಿನಂತಿ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಒಂದು ಬಾಗಿಲು ಮುಚ್ಚಿತು. ಆದರೆ ಕೋಡ್ ಕಳಿಸಿ ಸ್ಕ್ಯಾನ್ ಮಾಡಿಸುವವರು ಇನ್ನೂ ಇದ್ದಾರೆ.

ರೊಕ್ಕ ಹೋಗಿಬಿಟ್ಟರೆ?

ನಾಚಿಕೊಂಡು ಸುಮ್ಮನೆ ಕೂಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಇಡೀ ದೇಶದ ಸೈಬರ್ ಸಹಾಯವಾಣಿ. ಮೇಲೆ ಹೇಳಿದ ಮಾರಾಟ ಕಾಯ್ದೆಯ ವರ್ಷವೂ 1930. ಹಾಗೆ ನೆನಪಿಟ್ಟುಕೊಳ್ಳಿ. ಬೇಗ ಹೇಳಿದರೆ, ರೊಕ್ಕ ಮುಂದಿನ ಖಾತೆಯಲ್ಲಿ ಇರುವಾಗಲೇ ಬ್ಯಾಂಕಿನವರು ತಡೆಯಬಹುದು. ತಡವಾದರೆ ಅದು ಹತ್ತು ಖಾತೆಗಳಿಗೆ ಹಂಚಿ ಹೋಗುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿ.

ಆಮೇಲೆ ಠಾಣೆಗೆ ಹೋಗಿ. ಸೊಲ್ಲಾಪುರ ಶಹರದ ಪೊಲೀಸರು ಬೇರೆ, ಅಕ್ಕಲಕೋಟೆ ಬರುವ ಗ್ರಾಮೀಣ ಪೊಲೀಸರು ಬೇರೆ. "ನಿಮ್ಮ ಹದ್ದು ಇದಲ್ಲ" ಅಂತ ಹೇಳಿಯಾರು ಎಂದು ಹಿಂಜರಿಯಬೇಡಿ. ಈಗಿನ ಕಾಯ್ದೆಯ ಪ್ರಕಾರ ಅಪರಾಧ ಎಲ್ಲಿಯೇ ಆಗಿರಲಿ, ಯಾವ ಠಾಣೆಯಲ್ಲಿಯಾದರೂ ಫಿರ್ಯಾದಿ ಕೊಡಬಹುದು. ಇದಕ್ಕೆ ಝೀರೊ ಎಫ್‌ಐಆರ್ ಅನ್ನುತ್ತಾರೆ. ಮರಾಠಿ ಬರೆಯಲು ಬಾರದಿದ್ದರೆ ಬರೆಯಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬರೆದದ್ದನ್ನು ಓದಿಸಿ ಕೇಳಿಕೊಂಡ ಮೇಲೆಯೇ ಸಹಿ ಮಾಡಿ.

ರೊಕ್ಕ ಹೋಗಿಲ್ಲ, ಆದರೆ ಮೋಸದ ಫೋನ್ ಬಂದಿದೆ ಅನ್ನುವುದಾದರೆ ಸಂಚಾರ ಸಾಥಿಯ "ಚಕ್ಷು" ವಿಭಾಗದಲ್ಲಿ ಆ ನಂಬರನ್ನು ತಿಳಿಸಬಹುದು. ಇದು 2024ರ ಮಾರ್ಚ್‌ನಲ್ಲಿ ಶುರುವಾಗಿದೆ. ಹೊಲಿಗೆ ಮಷಿನ್ ಅಕ್ಕನ ಮಗಳು ಅಲ್ಲಿಯೇ ಆ ಎರಡೂ ನಂಬರು ತಿಳಿಸಿದಳು.

ಮಾರುವ ದಿನವೇ ಬರೆದಿಡಿ

ತಕರಾರು ಬಂದ ಮೇಲೆ ಸಾಕ್ಷಿ ಹುಡುಕುವುದು ಕಷ್ಟ. ಮಾರುವ ದಿನವೇ ಒಂದು ಪಾವತಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದು ಅವರಿಗೆ, ಒಂದು ನಿಮಗೆ. ದೂರದವರಾದರೆ ಅದರ ಫೋಟೊ ತೆಗೆದು ಕಳಿಸಿ, "ಒಪ್ಪಿಗೆ" ಅಂತ ಉತ್ತರ ತರಿಸಿಕೊಳ್ಳಿ. ಮಷಿನ್ ನಡೆಯುವ ಒಂದು ಸಣ್ಣ ವಿಡಿಯೊ ಮಾಡಿ. ಕಟ್ಟುವಾಗಿನ ಫೋಟೊ ಮತ್ತು ಟ್ರಾನ್ಸ್‌ಪೋರ್ಟಿನವರ ಪಾವತಿ ಇಟ್ಟುಕೊಳ್ಳಿ. ಮಾದರಿ ಹೀಗಿದೆ:

ದಿನಾಂಕ: ..........
ಮಾರಿದ ವಸ್ತು: ..........
ವಸ್ತುವಿನ ನಂಬರು: ..........
ಬೆಲೆ: .......... ರೂಪಾಯಿ
ಇರುವ ದೋಷ: ..........
ವಸ್ತು ಹಳೆಯದು. ದೋಷವನ್ನು ತಿಳಿಸಿ ಮಾರಿದ್ದೇನೆ.
ಮಾರಿದವರ ಸಹಿ: ..........
ಕೊಂಡವರ ಸಹಿ: ..........

"ಇರುವ ದೋಷ" ಅನ್ನುವ ಸಾಲನ್ನು ಖಾಲಿ ಬಿಡಬೇಡಿ. ಬಣ್ಣ ಹೋಗಿದ್ದರೆ ಹೋಗಿದೆ ಅನ್ನಿ. ಬ್ಯಾಟರಿ ಸೋತಿದ್ದರೆ ಸೋತಿದೆ ಅನ್ನಿ. ನೂರು ರೂಪಾಯಿ ಕಡಿಮೆ ಬರಬಹುದು. ಆದರೆ ನಾಳೆ ಯಾರ ಫೋನ್ ಬಂದರೂ ಎದೆ ಡವಡವ ಅನ್ನುವುದಿಲ್ಲ. ಆ ಸಾಲನ್ನು ನಾನು ಬರೆದಿದ್ದರೆ ಹುಡುಗನ ಮುಂದೆ ತಲೆ ತಗ್ಗಿಸುವುದು ಇರಲಿಲ್ಲ. ನಂಬರಿನ ಸಾಲನ್ನು ಅಕ್ಕ ಬರೆದಿದ್ದರಿಂದ ಮೋಸಗಾರ ಬಾಯಿ ಮುಚ್ಚಿದ.

ಅಭ್ಯಾಸ

1. ನಿಮ್ಮ ಮನೆಯ ಮೂರು ವಸ್ತುಗಳ ನಂಬರುಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.
2. ಮೇಲಿನ ಮಾದರಿ ನೋಡಿ ಹಳೆ ಸೈಕಲ್ ಮಾರಿದ ಪಾವತಿ ಬರೆಯಿರಿ. ಒಂದು ದೋಷವನ್ನಾದರೂ ಅದರಲ್ಲಿ ಬರೆಯಿರಿ.
3. "ರೊಕ್ಕ ಬರಲು ಪಿನ್ ಬೇಕೇ?" ಉತ್ತರ ಬರೆದು ಮನೆಯವರಿಗೆ ಓದಿ ಹೇಳಿ.
4. ಸೈಬರ್ ಸಹಾಯವಾಣಿಯ ನಂಬರನ್ನು ದೊಡ್ಡ ಅಂಕಿಯಲ್ಲಿ ಬರೆದು ಗೋಡೆಗೆ ಅಂಟಿಸಿ.