ಆಡಿನ ಗೊರಸು, ಅಂಕೋಲೆ ಮರ, ಲ್ಯಾಟಿನ್ ವಿಭಕ್ತಿ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮರಳ ಮೇಲೆ ಹಬ್ಬುವ ಅಡುಂಬು ಬಳ್ಳಿಯ ಎಲೆಯೊಂದನ್ನು ಕಿತ್ತು ಅಂಗೈ ಮೇಲಿಟ್ಟು ನೋಡಿ. ತುದಿ ಸೀಳಿ ಎರಡಾಗಿದೆ, ಥೇಟ್ ಆಡಿನ ಗೊರಸಿನ ಅಚ್ಚು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಇಪೋಮಿಯ ಪೇಸ್-ಕಪ್ರೈ. ಲ್ಯಾಟಿನ್ನಿನಲ್ಲಿ ‘ಪೇಸ್’ ಎಂದರೆ ಪಾದ, ‘ಕಪ್ರ’ ಎಂದರೆ ಹೆಣ್ಣಾಡು, ‘ಕಪ್ರೈ’ ಎಂದರೆ ಹೆಣ್ಣಾಡಿನ. ಆಡು ಎಂಬುದು ನಮ್ಮಲ್ಲಿ ‘ಆಡಿನ’ ಆಗುವ ಹಾಗೆ ಅಲ್ಲಿ ಕಪ್ರ ಎಂಬುದರ ಕೊನೆ ಬದಲಾಗಿ ಕಪ್ರೈ ಆಯಿತು. ಲ್ಯಾಟಿನ್ನಿನ ಷಷ್ಠೀ ವಿಭಕ್ತಿ ಇದೇ.

ಸಸ್ಯಶಾಸ್ತ್ರ, ಕಡಲಜೀವಶಾಸ್ತ್ರ ಓದುವವರಿಗೆ, ಕಾನೂನು ಕಲಿಯುವವರಿಗೆ, ಸೆಮಿನರಿ ಸೇರುವ ಹುಡುಗರಿಗೆ ಲ್ಯಾಟಿನ್ ಎಲ್ಲೋ ಒಂದು ಕಡೆ ಎದುರಾಗಿಯೇ ಆಗುತ್ತದೆ. ಸಿಗುವ ಪುಸ್ತಕಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷ್ ತನ್ನ ವಿಭಕ್ತಿ ಪ್ರತ್ಯಯಗಳನ್ನು ಹೆಚ್ಚುಕಡಿಮೆ ಕಳೆದುಕೊಂಡ ಭಾಷೆ, ಹಾಗಾಗಿ ಆ ಪುಸ್ತಕಗಳು ವಿಭಕ್ತಿ ಎಂದರೇನು ಎಂದು ತಿಳಿಸುವುದಕ್ಕೇ ಹತ್ತಾರು ಪುಟ ವ್ಯಯಿಸುತ್ತವೆ. ಮರ, ಮರವನ್ನು, ಮರಕ್ಕೆ, ಮರದ ಎಂದು ಹುಟ್ಟಿದಂದಿನಿಂದ ಆಡುತ್ತ ಬಂದ ನಮಗೆ ಆ ಸುತ್ತುದಾರಿ ಬೇಡ. ಕನ್ನಡದಿಂದ ನೇರವಾಗಿ ಲ್ಯಾಟಿನ್ನಿಗೆ ಹೋಗುವುದೇ ಸಲೀಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಉಚ್ಚಾರ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ನಡೆಯುವವರೆಗೂ ಕರಾವಳಿಯ ಇಗರ್ಜಿಗಳಲ್ಲಿ ಪೂಜೆ ಲ್ಯಾಟಿನ್ನಿನಲ್ಲೇ ಆಗುತ್ತಿತ್ತು. ಈಗ ಕೊಂಕಣಿ, ಕನ್ನಡಗಳಲ್ಲಿ. ಇಗರ್ಜಿಯ ಓದಿನಲ್ಲಿ ‘ಕಪ್ರೈ’ ‘ಕಾಪ್ರೆ’ ಆಗುತ್ತದೆ, ಎ ಮತ್ತು ಇ ಸ್ವರಗಳಿಗೆ ಮೊದಲು ಬರುವ ಕಕಾರ ಚಕಾರವಾಗುತ್ತದೆ. ಪ್ರಾಚೀನ ರೋಮಿನ ಉಚ್ಚಾರದಲ್ಲಿ ಕ ಎಲ್ಲೆಡೆಯೂ ಕ. ಕಾಲೇಜುಗಳಲ್ಲಿ ಕೇಳಿಬರುವುದು ಇಂಗ್ಲಿಷಿಗೆ ಒಗ್ಗಿಸಿಕೊಂಡ ಮೂರನೆಯ ಬಗೆ. ಯಾವುದನ್ನಾದರೂ ಹಿಡಿಯಿರಿ, ಆದರೆ ಒಂದನ್ನೇ ಹಿಡಿಯಿರಿ. ಇಲ್ಲಿ ನಾನು ಆದಷ್ಟೂ ಪ್ರಾಚೀನ ಉಚ್ಚಾರವನ್ನೇ ಬರೆಯುತ್ತಿದ್ದೇನೆ.

ನಮ್ಮ ಲಿಪಿ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ. ಲ್ಯಾಟಿನ್ನಿನಲ್ಲಿ ಹ್ರಸ್ವ-ದೀರ್ಘ ಬದಲಾದರೆ ಅರ್ಥವೂ ಬದಲಾಗಬಹುದು, ರೋಮನ್ ಬರವಣಿಗೆಯಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಎ-ಏ, ಒ-ಓ ಎಂದು ಬೇರೆ ಬೇರೆ ಅಕ್ಷರ ಇರುವ ಕನ್ನಡದಲ್ಲಿ ಬರೆದುಕೊಂಡರೆ ಕಣ್ಣಿಗೇ ಹೊಡೆಯುತ್ತದೆ. ‘ಎಮಿತ್’ ಎಂದರೆ ಕೊಳ್ಳುತ್ತಾಳೆ, ‘ಏಮಿತ್’ ಎಂದರೆ ಕೊಂಡಳು. ಕಾಲಭೇದವೆಲ್ಲ ಆ ಒಂದು ಸ್ವರದಲ್ಲಿದೆ. ನೋಟ್‌ಬುಕ್ಕಿನಲ್ಲಿ ರೋಮನ್ ಲಿಪಿಯ ಪಕ್ಕದಲ್ಲೇ ಕನ್ನಡದಲ್ಲೂ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಇನ್ನು ಲಿಂಗ. ಕನ್ನಡದಲ್ಲಿ ವಿಶೇಷಣ ಬದಲಾಗುವುದಿಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮರ. ಲ್ಯಾಟಿನ್ನಿನ ವಿಶೇಷಣ ಸಂಸ್ಕೃತದ ಹಾಗೆ ನಾಮಪದದ ಲಿಂಗವನ್ನು ಅನುಸರಿಸುತ್ತದೆ. ‘ಭಾರತದ’ ಎಂಬ ಅರ್ಥದ ವಿಶೇಷಣ ಪುಲ್ಲಿಂಗದಲ್ಲಿ ಇಂದಿಕುಸ್, ಸ್ತ್ರೀಲಿಂಗದಲ್ಲಿ ಇಂದಿಕ, ನಪುಂಸಕದಲ್ಲಿ ಇಂದಿಕುಮ್. ಕಾರವಾರದ ಮಾರುಕಟ್ಟೆಗೆ ಬರುವ ಬಿಳಿ ಸಿಗಡಿ ಪೇನಿಯುಸ್ ಇಂದಿಕುಸ್, ಸಾರಿಗೆ ಹಾಕುವ ಮುರುಗಲು ಗಾರ್ಸಿನಿಯ ಇಂದಿಕ, ಎಳ್ಳು ಸೆಸಾಮುಮ್ ಇಂದಿಕುಮ್. ಉಸ್, ಅ, ಉಮ್: ಸಂಸ್ಕೃತದ ಸುಂದರಃ, ಸುಂದರೀ, ಸುಂದರಮ್ ನೆನಪಿದ್ದವರಿಗೆ ಇದು ಹೊಸತಲ್ಲ.

ಒಂದು ತೊಡಕಿದೆ. ಹುಣಸೆ ‘ತಮರಿಂದುಸ್ ಇಂದಿಕ’. ಉಸ್ ಎಂದು ಮುಗಿದರೂ ವಿಶೇಷಣ ಮಾತ್ರ ಸ್ತ್ರೀಲಿಂಗ! ಅರಳಿಯೂ ಹಾಗೆಯೇ, ಫೀಕುಸ್ ರೆಲಿಗಿಓಸ. ರೋಮನ್ನರು ಮರಗಳ ಹೆಸರನ್ನು ಸಾಮಾನ್ಯವಾಗಿ ಸ್ತ್ರೀಲಿಂಗವಾಗಿ ಬಳಸುತ್ತಿದ್ದರು, ಅದು ಸಸ್ಯಶಾಸ್ತ್ರದಲ್ಲೂ ಉಳಿದುಬಂದಿದೆ. ಆದರೆ ‘ಕಾರ್ಪುಸ್’ ಎಂದು ಮುಗಿಯುವ ಕುಲನಾಮಗಳು ಪುಲ್ಲಿಂಗವೆಂದು ಈಗ ನಿಯಮವಿದೆ, ಆದ್ದರಿಂದ ಹೆಬ್ಬಲಸು ಆರ್ಟೋಕಾರ್ಪುಸ್ ಹಿರ್ಸೂತುಸ್. ಹೆಸರಿನ ಕೊನೆ ನೋಡಿ ಲಿಂಗ ಊಹಿಸಬೇಡಿ. ಪದ ಕಲಿಯುವಾಗಲೇ ಲಿಂಗವನ್ನೂ ಕಲಿಯಿರಿ.

ಈಗ ಅಂಕೋಲೆಗೆ ಹೋಗೋಣ. ಊರಿಗೆ ಈ ಹೆಸರು ಬಂದದ್ದು ಗುಡ್ಡದ ಬದಿಯಲ್ಲಿ ಬೆಳೆಯುವ ಅಂಕೋಲೆ ಗಿಡದಿಂದ ಎನ್ನುತ್ತಾರೆ. ಸಸ್ಯವಿಜ್ಞಾನಿ ಲಿನೇಯಸ್‌ನ ಮಗ ಇದನ್ನು ಗ್ರೇವಿಯ ಎಂಬ ಕುಲಕ್ಕೆ ಸೇರಿಸಿ ‘ಗ್ರೇವಿಯ ಸಾಲ್ವಿಫೋಲಿಯ’ ಎಂದು ಕರೆದ, ಅಂದರೆ ಸಾಲ್ವಿಯಾದಂಥ ಎಲೆಯುಳ್ಳದ್ದು. ಮುಂದೆ ಇದನ್ನು ಅಲಂಗಿಯುಮ್ ಕುಲಕ್ಕೆ ವರ್ಗಾಯಿಸಿದರು. ಅದು ನಪುಂಸಕಲಿಂಗ; ಹೆಸರು ‘ಅಲಂಗಿಯುಮ್ ಸಾಲ್ವಿಫೋಲಿಯುಮ್’ ಆಯಿತು. ಗಿಡ ಅದೇ, ಎಲೆ ಅದೇ, ವಿಶೇಷಣದ ಕೊನೆ ಮಾತ್ರ ಹೊಸ ಕುಲದ ಲಿಂಗಕ್ಕೆ ಹೊಂದಿಕೊಂಡಿತು. ಅಡುಂಬು ಬಳ್ಳಿಯೂ ಹೀಗೆಯೇ ಕುಲ ಬದಲಿಸಿದೆ. ಲಿನೇಯಸ್ ಇಟ್ಟ ಹೆಸರು ‘ಕೊನ್ವೊಲ್ವುಲುಸ್ ಪೇಸ್-ಕಪ್ರೈ’, ಪುಲ್ಲಿಂಗದ ಕುಲ. ಈಗಿನ ಇಪೋಮಿಯ ಸ್ತ್ರೀಲಿಂಗ. ಆದರೂ ‘ಪೇಸ್-ಕಪ್ರೈ’ ಅಲ್ಲಾಡಲಿಲ್ಲ. ಅದು ವಿಶೇಷಣವಲ್ಲ, ನಾಮಪದ. ಆಡಿನ ಪಾದ ಯಾವ ಬಳ್ಳಿಯ ಪಕ್ಕದಲ್ಲಿ ನಿಂತರೂ ಆಡಿನ ಪಾದವೇ. ಈ ಎರಡು ಗಿಡಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಲ್ಯಾಟಿನ್ ವ್ಯಾಕರಣದ ಅರ್ಧ ಬುನಾದಿ ಬಿದ್ದ ಹಾಗೆ.

ಅಂಕೋಲೆಗೆ ಇನ್ನೊಂದು ಹಳೆಯ ಹೆಸರೂ ಇದೆ, ಆಯುರ್ವೇದದ ಪುಸ್ತಕಗಳಲ್ಲಿ ಈಗಲೂ ಸಿಗುತ್ತದೆ: ಅಲಂಗಿಯುಮ್ ಲಮಾರ್ಕಿಈ, ಲಾಮಾರ್ಕ್‌ನ ಅಲಂಗಿಯುಮ್. ಗಂಡಸಿನ ಹೆಸರಿನ ಷಷ್ಠಿಗೆ ಈ, ಹೆಂಗಸಿನ ಹೆಸರಿಗೆ ಐ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆ ಪ್ರಾಂತ್ಯದ ಕಾಡಿನ ಗಿಡಮರಗಳ ಬಗ್ಗೆ ಎರಡು ಸಂಪುಟ (1909–1911) ಬರೆದ ಅರಣ್ಯಾಧಿಕಾರಿ ಟಾಲ್ಬಟ್‌ನ ಹೆಸರು ‘ಇಂಪಾತಿಯೇನ್ಸ್ ಟಾಲ್ಬೊಟಿಈ’ ಎಂಬ ಗೌರಿಹೂವಿನ ಜಾತಿಯಲ್ಲಿ ಉಳಿದಿದೆ. ಅದೇ ಟಾಲ್ಬಟ್ ನಮ್ಮ ಜಿಲ್ಲೆಯ ಹೆಸರನ್ನು ನೇರಳೆಯ ಬಳಗದ ಮರವೊಂದಕ್ಕೆ ಇಟ್ಟ: ‘ಯೂಜೀನಿಯ ಕನರೇನ್ಸಿಸ್’, ಕೆನರಾದ್ದು. ಏನ್ಸಿಸ್ ಎಂಬುದು ಊರುಗಳಿಗೆ ಹತ್ತುವ ಪ್ರತ್ಯಯ. ಅದಕ್ಕೆ ಎರಡೇ ರೂಪ, ಪುಲ್ಲಿಂಗ-ಸ್ತ್ರೀಲಿಂಗಗಳಿಗೆ ಏನ್ಸಿಸ್, ನಪುಂಸಕಕ್ಕೆ ಏನ್ಸೆ. ಈಗ ಆ ಮರ ನಪುಂಸಕದ ಸಿಜೀಜಿಯುಮ್ ಕುಲದಲ್ಲಿದೆ. ಅದರ ಹೆಸರೇನಾಗಿರಬೇಕು ಎಂದು ನೀವೇ ಹೇಳಬಲ್ಲಿರಿ: ಸಿಜೀಜಿಯುಮ್ ಕನರೇನ್ಸೆ.

ಷಷ್ಠಿಗೆ ಇಷ್ಟು ಒತ್ತು ಕೊಟ್ಟದ್ದಕ್ಕೆ ಕಾರಣವಿದೆ. ಲ್ಯಾಟಿನ್ ನಿಘಂಟು ಪ್ರತಿ ನಾಮಪದಕ್ಕೂ ಪ್ರಥಮಾ, ಷಷ್ಠಿ ಎರಡನ್ನೂ ಕೊಡುತ್ತದೆ. ಶಬ್ದಗಳು ಐದು ಗುಂಪುಗಳಲ್ಲಿವೆ, ಯಾವುದು ಯಾವ ಗುಂಪಿನದೆಂದು ತಿಳಿಯುವುದು ಷಷ್ಠಿಯಿಂದ. ಕಪ್ರ, ಕಪ್ರೈ ಒಂದನೆಯದು. ಹೊರ್ತುಸ್ (ತೋಟ), ಹೊರ್ತೀ ಎರಡನೆಯದು. ಪೇಸ್, ಪೆದಿಸ್ ಮೂರನೆಯದು. ‘ಪೇಸ್’ ಒಂದನ್ನೇ ಬಾಯಿಪಾಠ ಮಾಡಿದರೆ ಅದರ ಪ್ರಕೃತಿ ‘ಪೆದ್’ ಎಂದು ಯಾವ ಕಾಲಕ್ಕೂ ಗೊತ್ತಾಗುವುದಿಲ್ಲ.

ಕ್ರಿಯಾಪದದಲ್ಲಿ ಕನ್ನಡಿಗರಿಗೆ ಇನ್ನೂ ಸುಖ. ‘ಕೊಳ್ಳುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಲ್ಯಾಟಿನ್ನಿನಲ್ಲೂ ‘ಎಮೋ’ ಎಂದರೆ ಸಾಕು. ಎಮಿಸ್ ಕೊಳ್ಳುತ್ತೀ, ಎಮಿಮುಸ್ ಕೊಳ್ಳುತ್ತೇವೆ, ಎಮುಂತ್ ಕೊಳ್ಳುತ್ತಾರೆ. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ಅಲ್ಲಿ ಸಹಜ. ‘ಫೇಮಿನ ಪಿಸ್ಕೆಮ್ ಎಮಿತ್’, ಹೆಂಗಸು ಮೀನನ್ನು ಕೊಳ್ಳುತ್ತಾಳೆ. ‘ಪಿಸ್ಕೆಮ್ ಫೇಮಿನ ಎಮಿತ್’ ಎಂದರೂ ಮೀನು ಹೆಂಗಸನ್ನು ಕೊಳ್ಳುವುದಿಲ್ಲ, ದ್ವಿತೀಯಾ ಪ್ರತ್ಯಯದ ಮ್ ಮೀನಿಗೇ ಅಂಟಿಕೊಂಡಿದೆ. ಹೆಂಗಸರು ಮೀನುಗಳನ್ನು ಕೊಂಡರೆ ‘ಫೇಮಿನೈ ಪಿಸ್ಕೇಸ್ ಎಮುಂತ್’. ಇಲ್ಲಿ ಫೇಮಿನೈ ಪ್ರಥಮೆಯ ಬಹುವಚನ; ಷಷ್ಠಿಯ ಏಕವಚನವೂ ಇದೇ ರೂಪ, ಸಂದರ್ಭ ನೋಡಿ ಬಿಡಿಸಿಕೊಳ್ಳಬೇಕು.

ಕಷ್ಟ ಕೊಡುವುದು ಅಬ್ಲಾಟಿವ್ ಎಂಬ ವಿಭಕ್ತಿ. ನಮ್ಮ ತೃತೀಯೆ, ಪಂಚಮಿ, ಸಪ್ತಮಿಗಳ ಕೆಲಸವನ್ನೆಲ್ಲ ಅದೊಂದೇ ಹೊರುತ್ತದೆ. ಸಸ್ಯವರ್ಣನೆಗಳು ಅದರಿಂದ ತುಂಬಿವೆ. ‘ಫೋಲಿಈಸ್ ಓವಾತೀಸ್, ಫ್ಲೋರಿಬುಸ್ ಅಲ್ಬೀಸ್’: ಮೊಟ್ಟೆಯಾಕಾರದ ಎಲೆಗಳಿಂದ, ಬಿಳಿಯ ಹೂಗಳಿಂದ ಕೂಡಿದ್ದು. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯಕ್ಕೆ ಹೆಸರಿಡುವವರು ಲ್ಯಾಟಿನ್ ವರ್ಣನೆ ಕೊಡಲೇಬೇಕಿತ್ತು. ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಸಿಕ್ಕ ಸೆಮೆಕಾರ್ಪುಸ್ ಕತ್ತಲೆಕಾನೇನ್ಸಿಸ್ ಮರ 2000ದಲ್ಲಿ ಪ್ರಕಟವಾದಾಗಲೂ ಈ ನಿಯಮ ಜಾರಿಯಲ್ಲಿತ್ತು. 2012ರಿಂದ ಇಂಗ್ಲಿಷ್ ವರ್ಣನೆಯೂ ನಡೆಯುತ್ತದೆ, ಹೆಸರು ಮಾತ್ರ ಈಗಲೂ ಲ್ಯಾಟಿನ್ ವ್ಯಾಕರಣಕ್ಕೇ ಬದ್ಧ.

ಹಾಗಾಗಿ ಮೊದಲು ಒಂದನೆಯ, ಎರಡನೆಯ ಗುಂಪಿನ ಶಬ್ದಗಳನ್ನು ಉಸ್-ಅ-ಉಮ್ ವಿಶೇಷಣಗಳ ಜೊತೆ ಒಟ್ಟಿಗೇ ಕಲಿಯಿರಿ, ಆಮೇಲೆ ವರ್ತಮಾನಕಾಲ, ಮೂರನೆಯ ಗುಂಪು ಅದಾದ ಮೇಲೆ. ಗಿಡಗಳ ದಾರಿಯಿಂದ ಬರುವವರಿಗೆ ವಿಲಿಯಂ ಸ್ಟರ್ನ್ 1966ರಲ್ಲಿ ಪ್ರಕಟಿಸಿದ ‘ಬೊಟಾನಿಕಲ್ ಲ್ಯಾಟಿನ್’ಗೆ ಸಮನಾದ ಪುಸ್ತಕ ಇನ್ನೊಂದಿಲ್ಲ. ಭಾಷೆಯನ್ನೇ ಓದಬೇಕೆನ್ನುವವರು ಓರ್ಬರ್ಗ್‌ನ ‘ಲಿಂಗ್ವಾ ಲಾತೀನಾ’ ಹಿಡಿಯಲಿ. ಅದರ ಪಾಠಗಳು ಮೊದಲ ಪುಟದಿಂದ ಕೊನೆಯವರೆಗೂ ಲ್ಯಾಟಿನ್ನಿನಲ್ಲೇ ಇವೆ, ನಡುವೆ ಇಂಗ್ಲಿಷಿನ ಹಂಗಿಲ್ಲ.