ಸಂಖ್ಯಾಶಾಸ್ತ್ರವನ್ನು ತಾನೇ ಕಲಿಯುವವನಿಗೆ ಎಂಥ ಪುಸ್ತಕ?

ಬಂಟ್ವಾಳ ತಾಲ್ಲೂಕಿನ ಮೆಲ್ಕಾರಿನ ವಿದ್ಯಾರ್ಥಿಯೊಬ್ಬನ ತೋಟದಲ್ಲಿ ಹೊಸ ತಳಿಯ ನಾಲ್ಕು ಅಡಕೆ ಮರಗಳು ಊರ ತಳಿಯ ನಾಲ್ಕಕ್ಕಿಂತ ಹೆಚ್ಚು ಫಲ ಕೊಟ್ಟವೆನ್ನೋಣ. ಇದು ತಳಿಯ ಗುಣವೋ, ಕೇವಲ ಆಕಸ್ಮಿಕವೋ? ಇದೇ ತಾಲ್ಲೂಕಿನ ವಿಟ್ಲದ ಅಡಕೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೂ ಎದುರಾಗುವ ಪ್ರಶ್ನೆಯಿದು. ಉತ್ತರವನ್ನು ಸಂಖ್ಯಾಶಾಸ್ತ್ರದಲ್ಲಿ ಹುಡುಕಬೇಕು. (ಹೆಸರಿನ ಅಕ್ಷರಗಳನ್ನು ಕೂಡಿಸಿ ಭವಿಷ್ಯ ನುಡಿಯುವವರೂ ತಮ್ಮ ವಿದ್ಯೆಯನ್ನು ಹೀಗೆಯೇ ಕರೆಯುತ್ತಾರೆ, ಅವರ ಗೊಡವೆ ನಮಗೆ ಬೇಡ.) ಗುರುವಿನ ನೆರವಿಲ್ಲದೆ ಕಲಿಯುವವನು ಯಾವ ಪುಸ್ತಕವನ್ನು ಹಿಡಿಯಬೇಕು?

ಪರೀಕ್ಷೆಗೆಂದೇ ಬರೆದ ಪುಸ್ತಕಗಳು ಸೂತ್ರವನ್ನು ಕೊಡುತ್ತವೆ, ಕಾರಣವನ್ನು ಕೊಡುವುದಿಲ್ಲ. ಇನ್ನೊಂದು ತುದಿಯಲ್ಲಿ, ನಮ್ಮ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1965ರಲ್ಲಿ ಪ್ರಕಟಿಸಿದ ಮಹಾಗ್ರಂಥದಂಥವುಗಳಿವೆ. ಉನ್ನತ ಗಣಿತ ಬಾರದವನಿಗೆ ಅದರ ಬಾಗಿಲು ತೆರೆಯದು.

ಪುಸ್ತಕವನ್ನು ಕೊಳ್ಳುವ ಮುನ್ನ ಒಂದು ಪುಟವನ್ನು ನೋಡಿರಿ. ಕೆಲವೇ ಮರಗಳನ್ನು ಅಳೆದು ಇಡೀ ತೋಟದ ಏರಿಳಿತವನ್ನು ಅಂದಾಜಿಸುವಾಗ, ಸರಾಸರಿಯಿಂದಾದ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ಅಳೆದ ಮರಗಳ ಸಂಖ್ಯೆಗಿಂತ ಒಂದು ಕಡಮೆಯಿಂದ ಭಾಗಿಸುತ್ತಾರೆ. ಏಕೆ? ತೋಟದಲ್ಲಿ ಎರಡೇ ಮರಗಳಿದ್ದು, ಇಳುವರಿ 2 ಮತ್ತು 4 ಕಿಲೋ ಆಗಿರಲಿ. ಸರಾಸರಿ 3, ವ್ಯತ್ಯಾಸವರ್ಗಗಳ ಸರಾಸರಿ 1. ಈಗ ಚೀಟಿ ಎತ್ತಿ, ಎತ್ತಿದ್ದನ್ನು ಮರಳಿ ಹಾಕಿ, ಎರಡು ಸಲ ಆರಿಸಿದರೆ ನಾಲ್ಕು ಜೋಡಿಗಳು ಸಾಧ್ಯ: 2‑2, 2‑4, 4‑2, 4‑4. ಆಯಾ ಜೋಡಿಯ ಸರಾಸರಿಯಿಂದ ಎಣಿಸಿದ ವರ್ಗಗಳ ಮೊತ್ತ ಕ್ರಮವಾಗಿ 0, 2, 2, 0. ಇವನ್ನು 2ರಿಂದ ಭಾಗಿಸಿದರೆ ನಾಲ್ಕರ ಸರಾಸರಿ ½. ನಿಜದ ಅರ್ಧ ಮಾತ್ರ! 1ರಿಂದ ಭಾಗಿಸಿದರೆ ಸರಿಯಾಗಿ 1. ಜೋಡಿಯ ಸರಾಸರಿ ಆ ಜೋಡಿಗೇ ಹತ್ತಿರವಿರುವುದರಿಂದ ಏರಿಳಿತ ಕಿರಿದಾಗಿ ತೋರುತ್ತದೆ. ಆ ಕೊರತೆಯನ್ನು ತುಂಬಲೆಂದೇ ಈ ಕಡಿತ. ಇಷ್ಟನ್ನು ಹೇಳದ ಪುಸ್ತಕವನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬಹುದು.

ಮೊದಲ ಓದಿಗೆ ಫ್ರೀಡ್‌ಮನ್, ಪಿಸಾನಿ, ಪರ್ವಿಸ್ ಎಂಬವರ 1978ರ ‘ಸ್ಟ್ಯಾಟಿಸ್ಟಿಕ್ಸ್’ ಮೇಲೆಂದು ನನ್ನ ಮತ. ಪೆಟ್ಟಿಗೆಯಿಂದ ಚೀಟಿ ಎತ್ತುವ ಆಟದಿಂದಲೇ ಅದು ಆಕಸ್ಮಿಕವನ್ನು ತಿಳಿಸುತ್ತದೆ. ಬೀಜಗಣಿತ ಕಡಮೆ, ವಿಚಾರದಲ್ಲಿ ಸಡಿಲವಿಲ್ಲ. ಆರಂಭವೇ 1954ರ ಪೋಲಿಯೊ ಲಸಿಕೆಯ ಪ್ರಯೋಗದಿಂದ: ಲಸಿಕೆ ಪಡೆದವರೂ ಪಡೆಯದವರೂ ಉಳಿದೆಲ್ಲದರಲ್ಲಿ ಸಮಾನರಾಗಿದ್ದರೇ? ನಮ್ಮ ಹೊಸ ತಳಿಯ ಮರಗಳನ್ನು ತೋಡಿನ ಬದಿಯಲ್ಲಿಯೇ ನೆಟ್ಟಿದ್ದರೆ ಯಾವ ಸೂತ್ರವೂ ತಳಿಯ ಗುಣವನ್ನು ನೀರಿನ ಗುಣದಿಂದ ಬೇರ್ಪಡಿಸಲಾರದು. ಅದಾದ ಬಳಿಕ, ಕಲನಶಾಸ್ತ್ರ ಕಲಿತವನು ಗೂನ್, ಗುಪ್ತ, ದಾಸ್‌ಗುಪ್ತ ಇವರ ಗ್ರಂಥಕ್ಕೆ ಕೈಹಾಕಬಹುದು.

ಅಲ್ಲಿಯವರೆಗೆ 2, 4, 6 ಕಿಲೋಗಳ ಮೂರು ಮರಗಳಿಂದ ಮೇಲಿನ ಲೆಕ್ಕವನ್ನೇ ಮಾಡಿ ನೋಡಿರಿ. ಜೋಡಿಗಳು ಒಂಬತ್ತು, ಸರಾಸರಿ 8/3 ಬರಬೇಕು.